ಬರಿತಲೆಯ ಗಡಿಗೆ

ಆ ಮನೆಯಲ್ಲಿ ಮನುಷ್ಯರಿಗೆ ಶೀತವಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೂಗು ಒರೆಸಿಕೊಂಡು ಕೆಲಸಕ್ಕೆ ಹೋಗು ಅನ್ನುತ್ತಿದ್ದರು. ಆದರೆ ಮೊಸರಿನ ಗಡಿಗೆಗೆ ಚಳಿ ತಗುಲಿತೋ, ಮುಗಿಯಿತು, ಅತ್ತೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಅದಕ್ಕೇ ಆ ಗಡಿಗೆಗೊಂದು ಉಣ್ಣೆಯ ಟೋಪಿ ಇತ್ತು. ತಮಾಷೆಗೆ ಹೇಳುತ್ತಿಲ್ಲ. ಕಡ್ಡಿ ಹಿಡಿದು ಹೆಣೆದ, ನೆತ್ತಿಯ ಮೇಲೆ ಕುಚ್ಚು ಕಟ್ಟಿದ ಅಪ್ಪಟ ಟೋಪಿ.

ಟೋಪಿಯ ಒಂದೊಂದು ಸಾಲು ಮನೆಯ ಒಬ್ಬೊಬ್ಬರದು. ಯಾರೇ ಹೊಸಬರು ಬರಲಿ, ಹುಟ್ಟಿ ಬರಲಿ, ಮದುವೆಯಾಗಿ ಬರಲಿ, ಅವರ ಹಳೆಯ ಸ್ವೆಟರೊಂದನ್ನು ಬಿಚ್ಚಿ ಆ ನೂಲಿನಲ್ಲಿ ಕೆಳಗೊಂದು ಸಾಲು ಸೇರಿಸುವುದು ಆ ಮನೆಯ ಪದ್ಧತಿ. ನೆತ್ತಿಯ ಬೂದುಬಣ್ಣ ಅತ್ತೆಯ ಅತ್ತೆಯದು. ಗಡಿಗೆಯನ್ನೂ ಹೆಪ್ಪನ್ನೂ ಈ ಮನೆಗೆ ಹೊತ್ತು ತಂದ ಪುಣ್ಯಾತ್ಗಿತ್ತಿ ಅವರೇ. ಅದರ ಕೆಳಗಿನ ಕಂದು ಸಾಲು ಮಾವನದು, ಅವರು ಈಗಿಲ್ಲ. ಆಮೇಲೆ ಅತ್ತೆಯ ಕಡುಗೆಂಪು, ಆಮೇಲೆ ಮಗನ ಕಪ್ಪು. ಅಲ್ಲಿಗೆ ಟೋಪಿ ಮುಗಿದುಹೋಗುತ್ತಿತ್ತು. ಗಡಿಗೆಯ ಕುತ್ತಿಗೆ ಎರಡು ಬೆರಳಷ್ಟು ಹೊರಗೇ ಉಳಿಯುತ್ತಿತ್ತು.

ಆ ಮನೆಯ ಸೊಸೆ ಊರೊಳಗೆ ಓಡಾಡುವ ಬಸ್ಸಿನ ಡ್ರೈವರು. ಬಸ್ಸಿನ ಜನ ಅವಳನ್ನು ಡ್ರೈವರಮ್ಮ ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಮದುವೆಯಾಗಿ ಅಷ್ಟು ವರ್ಷವಾದರೂ ಡ್ರೈವರಮ್ಮನ ಸಾಲು ಟೋಪಿಗೆ ಬಿದ್ದಿರಲಿಲ್ಲ. ಬಂದ ಹೊಸದರಲ್ಲಿ ಅವಳೇ ಬಾಯಿ ಬಿಟ್ಟು ಕೇಳಿದ್ದಳು. ತನ್ನಮ್ಮ ಹೆಣೆದುಕೊಟ್ಟ ನೀಲಿ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು, "ಇದನ್ನ ಬಿಚ್ಚೋಣವಾ ಅತ್ತೆ?" ಎಂದಿದ್ದಳು. "ನೋಡೋಣ" ಎಂದಿದ್ದರು ಅತ್ತೆ. ಇನ್ನೂ ನೋಡುತ್ತಲೇ ಇದ್ದರು. ಡ್ರೈವರಮ್ಮ ಮತ್ತೆ ಕೇಳಲಿಲ್ಲ, ಆ ಸ್ವೆಟರನ್ನು ಯೂನಿಫಾರ್ಮಿನ ಮೇಲೆ ಹಾಕಿಕೊಂಡು ಮೊಣಕೈ ಹರಿದ ಮೇಲೂ ಬಿಡದೆ ತೊಟ್ಟಳು. ಕೇಳುವುದನ್ನು ಬಿಟ್ಟಳೇ ಹೊರತು ನೋಯುವುದನ್ನು ಬಿಡಲಿಲ್ಲ. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಊರು ಸುತ್ತುವವಳಿಗೆ ಒಂದು ಮಡಕೆಯ ಟೋಪಿಯಲ್ಲಿ ಸೀಟಿಲ್ಲವಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು.

ಕಪ್ಪು ಸಾಲಿನ ಕೆಳಗೆ ಒಂದು ಕಾಲಕ್ಕೆ ಹಸಿರು ಸಾಲೂ ಇತ್ತು. ಅದು ಮಗಳದು, ಅಂದರೆ ಡ್ರೈವರಮ್ಮನ ನಾದಿನಿಯದು. ಅತ್ತೆಯ ಬೀರುವಿನ ಬೀಗ ಕೆಟ್ಟು, ರಿಪೇರಿಗೆ ಬೀಗದವನೊಬ್ಬ ಬಂದ. ಆಮೇಲೆ ಅದೇ ಬೀಗ ವಾರವಾರವೂ ಕೆಡತೊಡಗಿತು. ಅದನ್ನು ಕೆಡಿಸುತ್ತಿದ್ದದ್ದು ಯಾರು ಎಂದು ಅತ್ತೆಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. "ಬೀರು ತೆಗೆಯೋಕೆ ಬಂದೋನು ನನ್ನ ಮಗಳನ್ನೇ ತೆಗೆದುಕೊಂಡು ಹೋದ" ಎಂದು ಅತ್ತೆ ನೆರೆಹೊರೆಯವರ ಮುಂದೆ ಗೋಳಾಡಿದರು. ಮಗಳು ಹೊರಟು ನಿಂತ ದಿನ ಅವಳ ಕಣ್ಣೆದುರೇ ಟೋಪಿಯನ್ನು ಕೈಗೆತ್ತಿಕೊಂಡು, ಹಸಿರು ನೂಲಿನ ತುದಿ ಹುಡುಕಿ, ಸರಸರನೆ ಎಳೆದು ಬಿಚ್ಚಿಹಾಕಿದರು. ಅವತ್ತಿನಿಂದ ತಾಯಿಗೂ ಮಗಳಿಗೂ ಮಾತಿಲ್ಲ. ಡ್ರೈವರಮ್ಮ ಸೊಸೆಯಾಗಿ ಬಂದದ್ದು ಅದಾದ ಮೇಲೆ. ಅವಳ ಹಣೆಬರಹ ನೋಡಿ, ಅವಳ ಬಸ್ಸಿನ ಕೊನೆಯ ಸ್ಟಾಪು ಇದ್ದದ್ದು ನಾದಿನಿಯ ಬೀಗದ ಅಂಗಡಿಯ ಎದುರಿಗೇ. ದಿನವೂ ಅಲ್ಲಿ ಬಸ್ ನಿಲ್ಲಿಸುವಳು, ಕತ್ತು ನೆಟ್ಟಗೆ ಇಟ್ಟುಕೊಂಡು ಚಹಾ ಕುಡಿಯುವಳು, ತಿರುಗಿಸಿಕೊಂಡು ಹೋಗುವಳು. ಅತ್ತ ನಾದಿನಿಯೂ ಕತ್ತು ಬಗ್ಗಿಸಿ ಕೀ ಉಜ್ಜುತ್ತಿರುವಳು.

ಇನ್ನು ಮೊಸರಿನ ವಿಷಯ. ಏನು ಹೇಳಲಿ! ಗಡಿಗೆಯನ್ನು ಓರೆ ಮಾಡಿದರೂ ಜಾರದಷ್ಟು ಗಟ್ಟಿ, ಮೊದಲ ದಿನ ಸಿಹಿ, ಮಾರನೆಯ ದಿನ ನಾಲಗೆಯ ಅಂಚಿಗೆ ಮಾತ್ರ ತಿಳಿಯುವ ಹುಳಿ. ಅತ್ತೆಯ ಅತ್ತೆಯ ಕಾಲದ ಹೆಪ್ಪು ಒಂದು ದಿನವೂ ತಪ್ಪದೆ ಗಡಿಗೆಯಿಂದ ಗಡಿಗೆಗೆ ದಾಟಿ ಬಂದಿತ್ತು. ಇದ್ದದ್ದು ಎರಡು ಗಡಿಗೆ, ಒಂದರಲ್ಲಿ ತಿನ್ನುವ ಮೊಸರು, ಇನ್ನೊಂದರಲ್ಲಿ ಹೆಪ್ಪು ಬಿದ್ದ ಹಾಲು. ಅತ್ತೆ ಬಟ್ಟಲುಗಟ್ಟಲೆ ಮೊಸರು ಹಂಚಿಯಾರು, ಆದರೆ ಹೆಪ್ಪಿಗೆಂದು ಯಾರಾದರೂ ಚಮಚ ಹಿಡಿದು ಬಂದರೆ "ಅಯ್ಯೋ, ಈಗ ತಾನೇ ಮುಗೀತಲ್ಲಮ್ಮ" ಎಂದು ಸಾಗಹಾಕುತ್ತಿದ್ದರು.

ಆ ಅಡುಗೆಮನೆಗೆ ಒಂದೇ ಒಂದು ಕಾನೂನು. ಟೋಪಿ ತೊಟ್ಟ ಗಡಿಗೆ ಅಂದರೆ ಹೆಪ್ಪು ಬಿದ್ದ ಗಡಿಗೆ. ಹೆಪ್ಪು ಹಾಕದೆ ಟೋಪಿ ತೊಡಿಸಬಾರದು, ಟೋಪಿ ಕಾಣದೆ ಹಳೆಯ ಗಡಿಗೆ ಖಾಲಿ ಮಾಡಬಾರದು. ಇಷ್ಟೇ. ಇಷ್ಟನ್ನು ಪಾಲಿಸಲು ಮಹಾ ಬುದ್ಧಿಯೇನೂ ಬೇಕಿಲ್ಲ.

ಅತ್ತೆ ತಮ್ಮ ತಂಗಿಯ ಮನೆಗೆ ಹೋಗಿ ಕೆಲವು ದಿನ ಇರಬೇಕಾಯಿತು. ತಂಗಿ ಕಾಲು ಮುರಿದುಕೊಂಡಿದ್ದಳು. ಹೊರಡುವಾಗ ಬ್ಯಾಗು ಹೆಗಲಿಗೇರಿಸಿಕೊಂಡು, ಬಾಗಿಲು ದಾಟಿ, ಮತ್ತೆ ಒಳಗೆ ಬಂದು, "ಮನೆ ಬಿಟ್ಟು ಹೋಗ್ತಿಲ್ಲ ನಾನು, ಗಡಿಗೆ ಬಿಟ್ಟು ಹೋಗ್ತಿದೀನಿ. ಗೊತ್ತಾಯ್ತಾ?" ಎಂದು ಸೊಸೆಗೆ ಹೇಳಿದರು.

"ಗೊತ್ತಾಯ್ತು ಅತ್ತೆ. ಬಸ್ಸನ್ನೇ ನೋಡ್ಕೋತೀನಿ, ಒಂದು ಗಡಿಗೆ ನೋಡ್ಕೊಳ್ಳಲ್ವಾ?" ಎಂದಳು ಡ್ರೈವರಮ್ಮ. ಆ ಮಾತು ಆಡಬಾರದಿತ್ತು ಎಂದು ಆಮೇಲೆ ಎಷ್ಟು ಸಲ ಅನ್ನಿಸಿತೋ.

ಒಂದು ದಿನ ಅವಳಿಗೆ ಎರಡು ಪಾಳಿಯ ಕೆಲಸ ಬಿತ್ತು. ಅವಳ ಗಂಡ ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು, ಬಾಯಿ ಸತ್ತವನು, ಒಳ್ಳೆಯವನು. ಆ ದಿನ ಅವನಿಗೆ ಇನ್ನಿಲ್ಲದ ಒಳ್ಳೆಯತನ ಉಕ್ಕಿ ಬಂತು. ಹೆಂಡತಿ ದಣಿದು ಬರುತ್ತಾಳೆಂದು ತಾನೇ ಹಾಲು ಕಾಸಿ, ಆರಿಸಿ, ಗಡಿಗೆಗೆ ಸುರಿದ. ಹೆಪ್ಪು ಹಾಕುವುದು ಹೆಂಗಸರ ಕೈಯ ಕೆಲಸ, ತನ್ನ ಬಣ್ಣದ ಕೈ ಯಾಕೆ ಎಂದು ಅದೊಂದನ್ನು ಬಿಟ್ಟ. ಅವಳು ಬರುವಷ್ಟರಲ್ಲಿ ಹಾಲು ತಣ್ಣಗಾದೀತು ಎಂದು ಬಹಳ ಯೋಚನೆ ಮಾಡಿ ಟೋಪಿ ತೊಡಿಸಿಟ್ಟ. ಆಮೇಲೆ ದಾರಿ ತಿರುವಿನ ಅಂಗಡಿಗೆ ಸಾಮಾನು ತರಲು ಹೋದ.

ಡ್ರೈವರಮ್ಮ ಹಸಿದು ಕಂಗಾಲಾಗಿ ಬಂದಳು. ಟೋಪಿ ತೊಟ್ಟ ಗಡಿಗೆ ಬೆಚ್ಚಗೆ ಕೂತಿತ್ತು. ಅಬ್ಬ, ಹೆಪ್ಪು ಬಿದ್ದಿದೆ! ನನ್ನ ಗಂಡ ಬಂಗಾರ ಅಂದುಕೊಂಡಳು. ಹಳೆಯ ಗಡಿಗೆಯಲ್ಲಿ ತಳದಲ್ಲಿಷ್ಟು ಮೊಸರಿತ್ತು. ಬಟ್ಟಲಿಗೂ ಹಾಕಿಕೊಳ್ಳದೆ, ನಿಂತಲ್ಲೇ, ಚಿಟಿಕೆ ಉಪ್ಪು ಉದುರಿಸಿ ತಿಂದಳು. ಚಮಚದಿಂದ ಬರದೆ ಉಳಿದದ್ದನ್ನು ಬೆರಳಿನಿಂದ ಬಳಿದಳು. ಬೆರಳನ್ನೂ ನೆಕ್ಕಿದಳು. ಗಡಿಗೆಗೆ ಬಿಸಿನೀರು ಹೊಯ್ದು ತೊಳೆದು ಬೋರಲು ಹಾಕಿದಳು. ಹೊಟ್ಟೆ ತಂಪಾಗಿ, ಹಾಸಿಗೆಗೆ ಬಿದ್ದವಳಿಗೆ ಗಂಡ ಬಂದದ್ದೂ ತಿಳಿಯಲಿಲ್ಲ.

ಬೆಳಿಗ್ಗೆ ಟೋಪಿ ತೆಗೆದರೆ ಹಾಲು. ಹಾಲಿನಂಥ ಹಾಲು.

"ಹೆಪ್ಪು ಹಾಕಿರಲಿಲ್ವಾ ನೀವು?"

"ನೀನು ಹಾಕ್ತೀಯ ಅಂತ..."

"ಮತ್ತೆ ಟೋಪಿ ಯಾಕ್ರೀ ಹಾಕಿದ್ರಿ?"

"ತಣ್ಣಗಾಗುತ್ತೆ ಅಂತ."

ಇಬ್ಬರೂ ಬೋರಲು ಬಿದ್ದಿದ್ದ ಗಡಿಗೆಯನ್ನು ನೋಡಿದರು. ತೊಳೆದು ಫಳಫಳ ಹೊಳೆಯುತ್ತಿತ್ತು ಪಾಪಿ. ಒಂದು ಮನೆತನದ ಮೊಸರನ್ನು ಡ್ರೈವರಮ್ಮ ತಾನೊಬ್ಬಳೇ ನಿಂತು ನೆಕ್ಕಿ ಮುಗಿಸಿದ್ದಳು. ಅದೂ ಟೋಪಿಯಲ್ಲಿ ಸಾಲಿಲ್ಲದ ಸೊಸೆ! ಇನ್ನು ಈ ಜನ್ಮದಲ್ಲಿ ಆ ಟೋಪಿಗೂ ತನಗೂ ಸಂಬಂಧವಿಲ್ಲ ಎಂದು ಅವಳಿಗೆ ಅಲ್ಲೇ ಅನ್ನಿಸಿಬಿಟ್ಟಿತು.

ಅಂಗಡಿಯ ಮೊಸರು ತಂದು ಹೆಪ್ಪು ಹಾಕಿದಳು. ಮೊಸರೇನೋ ಆಯಿತು. ಆದರೆ ಅದು ಓರೆ ಮಾಡಿದರೆ ಗಡಿಗೆಯ ತುದಿಗೆ ಓಡಿ ಬರುವ ಮೊಸರು, ಬಾಯಲ್ಲಿಟ್ಟರೆ ಹುಳಿ ಬಿಟ್ಟು ಬೇರೇನೂ ಹೇಳದ ಮೊಸರು. ಅಂಗಡಿ ಬದಲಾಯಿಸಿದಳು, ಹಾಲು ಬದಲಾಯಿಸಿದಳು. ಉಹೂಂ. ಅತ್ತೆ ಬರುವ ದಿನ ಬಂದೇಬಿಟ್ಟಿತು.

ಬಂದವರೇ ಕೈಕಾಲು ತೊಳೆದು ಊಟಕ್ಕೆ ಕೂತರು. ಡ್ರೈವರಮ್ಮ ಮೊಸರು ಬಡಿಸಿದಳು. ಗಂಡ ತಟ್ಟೆಯೊಳಗೆ ತಲೆ ತೂರಿಸಿ ಕೂತ. ಅತ್ತೆ ಒಂದು ಚಮಚ ಬಾಯಿಗಿಟ್ಟರು. ಅಗಿಯಲು ಏನೂ ಇಲ್ಲದಿದ್ದರೂ ಬಹಳ ಹೊತ್ತು ಅಗಿದರು. ಆಮೇಲೆ ಸುಮ್ಮನೆ ಎಲ್ಲವನ್ನೂ ತಿಂದು, ತಟ್ಟೆ ತೊಳೆದು, ತಂಗಿಯ ಕಾಲಿನ ಕತೆ ಹೇಳತೊಡಗಿದರು.

ಗೊತ್ತಾಗಲಿಲ್ಲ! ಗಂಡ ಹೆಂಡತಿ ಕಣ್ಣಲ್ಲೇ ಮಾತಾಡಿಕೊಂಡರು. ಬದುಕಿದೆವು ಅಂದುಕೊಂಡರು. ಆದರೆ ಮಾರನೆಯ ದಿನವೂ ಅತ್ತೆ ಸುಮ್ಮನೆ ತಿಂದರು, ಅದರ ಮಾರನೆಯ ದಿನವೂ. ಡ್ರೈವರಮ್ಮನಿಗೆ ಬೈಗುಳಕ್ಕಿಂತ ಅದೇ ಕಷ್ಟವಾಯಿತು. ಅವರಿಗೆ ಟೋಪಿ ಹಾಕಿದ ಹಾಗಾಯಿತಲ್ಲ ಎಂದು ಗಂಡ ಒಂದು ಸಲ ನಕ್ಕಾಗ ಅವನನ್ನು ಅಡುಗೆಮನೆಯಿಂದ ಆಚೆಗಟ್ಟಿದಳು.

ಆಗ ಅವನು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ. "ಒಂದು ಮಾತು. ಯಾರಿಗೂ ಹೇಳಿಲ್ಲ ಇಷ್ಟು ವರ್ಷ."

"ಏನು?"

"ತಂಗಿ ಹೋಗೋ ಹಿಂದಿನ ದಿನ ಕರ್ಚೀಫನ್ನ ಮೊಸರಲ್ಲಿ ಅದ್ದಿ ಹಿತ್ತಲಲ್ಲಿ ಒಣಗಿಸ್ತಿದ್ಳು. ಯಾಕೇ ಅಂದೆ. ಅಳ್ತಾ ಅಳ್ತಾ, 'ಅಲ್ಲಿ ಹಾಲಿಗೆ ಹಾಕ್ತೀನಿ ಅಣ್ಣ, ಹೆಪ್ಪಾಗುತ್ತೆ' ಅಂದ್ಳು."

"ಇದನ್ನ ಈಗ ಹೇಳ್ತೀರಾ?"

"ನೀನು ಕೇಳ್ಲಿಲ್ವಲ್ಲ" ಎಂದ ಮಹಾರಾಯ.

ಮರುದಿನ ಕೊನೆಯ ಸ್ಟಾಪಿನಲ್ಲಿ ಡ್ರೈವರಮ್ಮ ಚಹಾ ಕುಡಿಯಲಿಲ್ಲ. ಖಾಲಿ ಊಟದ ಡಬ್ಬಿ ಹಿಡಿದುಕೊಂಡು ರಸ್ತೆ ದಾಟಿದಳು. ಬೀಗದ ಅಂಗಡಿ ಎಂದರೆ ಒಂದು ಕಿಟಕಿಯಷ್ಟು ಅಗಲ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಮೂಡದ ಕೀಗಳು. ನಾದಿನಿ ಒಂದು ಕೀಯನ್ನು ಇಕ್ಕಳಕ್ಕೆ ಸಿಕ್ಕಿಸಿ ಅರ ಉಜ್ಜುತ್ತಿದ್ದಳು. ತಲೆ ಎತ್ತಿದಳು. ಅತ್ತೆಯದೇ ಮೂಗು, ಅತ್ತೆಯದೇ ಹುಬ್ಬು.

"ಅಂತೂ ಬಸ್ಸು ಇಳಿದ್ರಲ್ಲ" ಎಂದಳು. "ನಿಮ್ಮ ಕತ್ತಿಗೇನೋ ಆಗಿದೆ, ಈ ಕಡೆ ತಿರುಗಲ್ಲ ಅಂತಿದ್ದೆ."

"ನಿಮ್ಮ ಕತ್ತೂ ಎತ್ತೋಕೆ ಬರಲ್ಲ ಅಂತಿದ್ದೆ ನಾನು" ಎಂದಳು ಡ್ರೈವರಮ್ಮ. ಹೇಳಿ ನಾಲಗೆ ಕಚ್ಚಿಕೊಂಡಳು. ನಾದಿನಿ ಗಹಗಹಿಸಿ ನಕ್ಕಳು. ಅಲ್ಲಿಗೆ ಅರ್ಧ ಮಂಜು ಕರಗಿತು.

ಡ್ರೈವರಮ್ಮ ನಡೆದದ್ದೆಲ್ಲ ಹೇಳಿದಳು. ಬೆರಳು ನೆಕ್ಕಿದ್ದನ್ನೂ ಬಿಡಲಿಲ್ಲ. ನಾದಿನಿ ಅರ ಕೆಳಗಿಟ್ಟು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದಳು. ಒಲೆಯ ಪಕ್ಕದಲ್ಲಿ ಒಂದು ಗಡಿಗೆ, ಅದರ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಹಳೇ ಟವೆಲು. ಒಂದು ಚಮಚ ತೆಗೆದು ಡ್ರೈವರಮ್ಮನ ಅಂಗೈಗೆ ಹಾಕಿದಳು. ಬಾಯಿಗಿಟ್ಟರೆ, ಅದೇ. ಅದೇ ಸಿಹಿ, ಅದೇ ಬೆಣ್ಣೆಯಂಥ ಗಟ್ಟಿತನ. ಡ್ರೈವರಮ್ಮನಿಗೆ ಅಳು ತಡೆಯಲಾಗಲಿಲ್ಲ, ನಿಂತಲ್ಲೇ ಗೊಳೋ ಎಂದಳು.

"ಬೀದೀಲಿ ಅರ್ಧ ಮನೆಗೆ ಇದೇ ಹೆಪ್ಪು ಈಗ" ಎಂದಳು ನಾದಿನಿ. "ಕೇಳಿದೋರಿಗೆಲ್ಲ ಕೊಟ್ಟಿದೀನಿ. ಅಮ್ಮನ ಮೇಲಿನ ಸಿಟ್ಟಿಗೇ ಶುರು ಮಾಡಿದ್ದು. ಆಮೇಲೆ ಅದೇ ಖುಷಿ ಆಯ್ತು."

ಡ್ರೈವರಮ್ಮ ಡಬ್ಬಿ ಮುಂದೆ ಹಿಡಿದಳು.

ನಾದಿನಿ ಗಡಿಗೆಗೆ ತಟ್ಟೆ ಮುಚ್ಚಿದಳು. "ನಿಮಗೆ ಕೊಡಲ್ಲ ಅತ್ತಿಗೆ. ನಿಮ್ಮ ಮೇಲೆ ನನಗೇನಿಲ್ಲ. ಆದ್ರೆ ಕೊಡಲ್ಲ. ನನ್ನ ಸಾಲು ನನ್ನ ಕಣ್ಣೆದುರಿಗೇ ಬಿಚ್ಚಿದ್ಳು. ಸರ್ರಂತ ಎಳೆದ್ಳು, ಇವತ್ತಿಗೂ ಕಿವೀಲಿದೆ ಆ ಸದ್ದು. ಅವಳೇ ಬಂದು ಕೇಳ್ಲಿ."

"ಅವರು ಬರ್ತಾರಾ? ನಿಮಗೇ ಗೊತ್ತಲ್ಲ."

"ಬರದಿದ್ರೆ ಅಂಗಡಿ ಮೊಸರು ತಿನ್ಲಿ."

ಅಷ್ಟರಲ್ಲಿ ಹೊರಗೆ ಗಿರಾಕಿ ಕೂಗಿದ. ನಾದಿನಿ ಎದ್ದು ಹೋದಳು. ಡ್ರೈವರಮ್ಮ ಒಬ್ಬಳೇ, ಎದುರಿಗೆ ಗಡಿಗೆ, ಕೈಯಲ್ಲಿ ಡಬ್ಬಿ, ಡಬ್ಬಿಯೊಳಗೆ ಚಮಚ. ಒಂದು ಚಮಚ ತೆಗೆದರೆ ಯಾರಿಗೆ ತಿಳಿಯುತ್ತದೆ? ಮನೆಗೆ ಹೋಗಿ ಹಾಲಿಗೆ ಬೆರೆಸಿದರೆ ಬೆಳಗಾಗುವಷ್ಟರಲ್ಲಿ ಏನೂ ಆಗಿಯೇ ಇಲ್ಲ ಎನ್ನುವಂತಾಗುತ್ತದೆ. ಕೈ ತಟ್ಟೆಯವರೆಗೂ ಹೋಯಿತು. ಆ ಮಡಿಸಿಟ್ಟ ಟವೆಲು ಕಣ್ಣಿಗೆ ಬಿತ್ತು. ಬರಿತಲೆಯಲ್ಲಿ ಕೂತ ಗಡಿಗೆ. ಇಷ್ಟೆಲ್ಲ ವರ್ಷ ಈ ನಾದಿನಿ ಇನ್ನೊಂದು ಟೋಪಿ ಹೆಣೆದುಕೊಳ್ಳಬಹುದಿತ್ತಲ್ಲ, ಯಾಕೆ ಹೆಣೆಯಲಿಲ್ಲ? ಅವಳೂ ನನ್ನ ಹಾಗೇ, ಆ ಟೋಪಿಯೇ ಬೇಕು ಎಂದು ಕಾಯುತ್ತಿದ್ದಾಳೆ ಎಂದು ಡ್ರೈವರಮ್ಮನಿಗೆ ಹೊಳೆಯಿತು. ಕದ್ದರೆ ತನ್ನ ಕೆಲಸವಾದೀತು, ಇವಳು ಕಾಯುತ್ತಲೇ ಇರಬೇಕಾದೀತು. ಕೈ ಹಿಂದಕ್ಕೆಳೆದುಕೊಂಡಳು. ಖಾಲಿ ಡಬ್ಬಿಯೊಂದಿಗೆ ಬಸ್ಸು ಹತ್ತಿದಳು.

ಅವತ್ತು ಮಧ್ಯಾಹ್ನ ಮನೆಗೆ ಬಂದವಳು ಯೂನಿಫಾರ್ಮನ್ನೂ ತೆಗೆಯದೆ ಅತ್ತೆಯ ಮುಂದೆ ಹೋಗಿ ಕೂತಳು. ಅತ್ತೆ ಕಿಟಕಿಯ ಬಳಿ ಕಾಳು ಆರಿಸುತ್ತಿದ್ದರು.

"ಅತ್ತೆ, ಹೆಪ್ಪು ಹೋಯ್ತು. ನಾನೇ ತಿಂದು ಮುಗಿಸಿದೆ. ನೀವು ತಿಂತಿರೋದು ಅಂಗಡಿ ಮೊಸರು."

ಅತ್ತೆಯ ಕೈ ನಿಲ್ಲಲಿಲ್ಲ. "ಗೊತ್ತು."

"ಯಾವಾಗಿಂದ?"

"ಬಂದ ದಿನವೇ. ನನ್ನ ನಾಲಗೆ ಏನು ಸವೆದು ಹೋಗಿದೆಯಾ?"

"ಮತ್ತೆ ಯಾಕೆ ಬೈಲಿಲ್ಲ?"

ಆಗ ಕೈ ನಿಂತಿತು. ಅತ್ತೆ ಮೊರದಲ್ಲಿದ್ದ ಕಾಳುಗಳನ್ನೇ ನೋಡುತ್ತ, "ಬಾಯಿ ಬಿಟ್ಟು ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ ಹೆದರಿಕೆ ಆಯ್ತು ಕಣೇ. ನನ್ನ ಅತ್ತೆ ಜೀವ ಇರೋ ಹೆಪ್ಪು ಕೈಗಿಟ್ಟು ಹೋದ್ರು. ನನ್ನ ಕಾಲದಲ್ಲೇ ಸತ್ತುಹೋಯ್ತಲ್ಲ. ದಿನಾ ಆ ನೀರು ಮೊಸರು ತಿನ್ನೋವಾಗ ಅಳು ನುಂಗಿಕೊಂಡು ತಿಂದೆ" ಎಂದರು. ಹೇಳುತ್ತ ಹೇಳುತ್ತ ಅವರ ಗಲ್ಲ ನಡುಗಿತು. ಬೈಯುವ ಅತ್ತೆಯನ್ನು ಕಂಡಿದ್ದ ಡ್ರೈವರಮ್ಮ ಅಳುವ ಅತ್ತೆಯನ್ನು ಕಂಡಿರಲಿಲ್ಲ.

"ಸತ್ತಿಲ್ಲ ಅತ್ತೆ. ಬದುಕಿದೆ. ನಿಮ್ಮ ಮಗಳ ಮನೇಲಿದೆ. ಕರ್ಚೀಫಲ್ಲಿ ಅದ್ದಿಕೊಂಡು ಹೋಗಿದ್ರಂತೆ."

ಅತ್ತೆ ಬಾಯಿ ತೆರೆದವರು ತೆರೆದಂತೆಯೇ ಇದ್ದರು. ಆಮೇಲೆ, "ಕಳ್ಳಿ!" ಎಂದರು. "ಅಬ್ಬಬ್ಬಾ, ಮೂಗಿನ ಕೆಳಗೇ!" ಎಂದರು. ಮೊರ ಪಕ್ಕಕ್ಕೆ ತಳ್ಳಿ, ಶಾಲಿನ ತುದಿಯಿಂದ ಮುಖ ಒರೆಸಿಕೊಂಡು, "ಬದುಕಿದೆಯಾ? ನೀನು ತಿಂದು ನೋಡಿದೆಯಾ? ಓರೆ ಮಾಡಿದ್ರೆ ನಿಲ್ಲುತ್ತಾ?" ಎಂದು ಒಂದೇ ಉಸಿರಿಗೆ ಕೇಳಿದರು.

"ನಿಲ್ಲುತ್ತೆ. ಗಡಿಗೆ ಮಾತ್ರ ಟೋಪಿ ಇಲ್ಲದೆ ಬರಿತಲೇಲಿ ಕೂತಿದೆ. ಆದ್ರೆ ನೀವೇ ಬಂದು ಕೇಳ್ಬೇಕಂತೆ."

"ಓಹೋ! ಹೌದಾ! ನಾನು ಹೋಗಿ ಅವಳ ಅಂಗಡಿ ಮುಂದೆ ಕೈ ಚಾಚಬೇಕಾ? ಸಾಧ್ಯವೇ ಇಲ್ಲ" ಎಂದು ಅತ್ತೆ ಮೊರವನ್ನು ಮತ್ತೆ ಎಳೆದುಕೊಂಡರು. ಕಲ್ಲನ್ನು ಪಾತ್ರೆಗೆ ಹಾಕಿ ಕಾಳನ್ನು ಎಸೆಯುತ್ತಿದ್ದಾರೆ ಎನ್ನುವುದು ಅವರಿಗೆ ತಿಳಿಯಲಿಲ್ಲ.

ಡ್ರೈವರಮ್ಮ ಧೈರ್ಯ ಮಾಡಿ ಇನ್ನೊಂದು ಮಾತು ಕೇಳಿಯೇಬಿಟ್ಟಳು. ಇವತ್ತಲ್ಲದಿದ್ದರೆ ಇನ್ನೆಂದೂ ಕೇಳಲಾರೆ ಅನ್ನಿಸಿತ್ತು. "ನನ್ನ ಸಾಲು ಯಾಕೆ ಹಾಕ್ಲಿಲ್ಲ ಅತ್ತೆ? ನಾನು ಈ ಮನೆಯೋಳಲ್ವಾ?"

ಅತ್ತೆ ಅವಳನ್ನು ದಿಟ್ಟಿಸಿ ನೋಡಿದರು. "ಎಲ್ಲಿ ಹಾಕ್ಲಿ? ನೀನು ಬಂದದ್ದು ಅವಳಾದ ಮೇಲೆ. ಹಸಿರಿನ ಕೆಳಗೆ ತಾನೇ ನಿನ್ನ ನೀಲಿ ಬರಬೇಕು? ಹಸಿರೇ ಇಲ್ಲ. ಅವಳು ಹುಟ್ಟೇ ಇಲ್ಲ ಅನ್ನೋ ಹಾಗೆ ಕಪ್ಪಿಗೇ ನೀಲಿ ಸೇರಿಸೋಕೆ ನನ್ನ ಕೈ ಬರ್ಲಿಲ್ಲ" ಎಂದರು. ಮೊರದಲ್ಲಿ ಬೆರಳಾಡಿಸುತ್ತ, "ನಿನಗೆ ನೋವಾಗಿರುತ್ತೆ ಅಂತ ಗೊತ್ತಿತ್ತು" ಎಂದೂ ಸೇರಿಸಿದರು.

ಅದಾಗಿ ಒಂದೆರಡು ದಿನ ಅತ್ತೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದರು. ಊಟಕ್ಕೆ ಬರುವರು, ಹೋಗುವರು. ಬೀರುವಿನ ಕೆಳಗಿನ ಖಾನೆ ಎಳೆಯುವ ಸದ್ದು ಕೇಳುತ್ತಿತ್ತು. "ಕೋಪ ಏರಿದೆ" ಎಂದ ಗಂಡ. ಡ್ರೈವರಮ್ಮನಿಗೂ ಹಾಗೇ ಅನ್ನಿಸಿತು.

ಅಂಥ ಒಂದು ಬೆಳಿಗ್ಗೆ ಅವಳು ಮನೆಯ ಹತ್ತಿರದ ಸ್ಟಾಪಿನಲ್ಲಿ ಬಸ್ ನಿಲ್ಲಿಸಿದರೆ, ಸಾಲಿನಲ್ಲಿ ಮೊದಲು ನಿಂತಿದ್ದವರು ಅತ್ತೆ! ಎರಡೂ ತೋಳಿನಲ್ಲಿ ಗಡಿಗೆ ಅಪ್ಪಿ ಹಿಡಿದಿದ್ದರು. ಗಡಿಗೆಗೆ ಟೋಪಿ, ಟೋಪಿಯ ಮೇಲೆ ಶಾಲು. ಅಷ್ಟು ವರ್ಷದಲ್ಲಿ ಒಂದು ದಿನವೂ ಅವರು ಸೊಸೆಯ ಬಸ್ಸು ಹತ್ತಿದವರಲ್ಲ. ಹೆಂಗಸು ಬಸ್ಸು ಓಡಿಸಿದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಿದ್ದರು. ಈಗ ಹತ್ತಿ ಬಂದು ಡ್ರೈವರ್ ಸೀಟಿನ ಹಿಂದೆಯೇ ಕೂತು, ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು, "ಕೊನೇ ಸ್ಟಾಪು" ಎಂದು ಟಿಕೆಟ್ ತೆಗೆದುಕೊಂಡರು. ಸೊಸೆಯ ಕಿವಿಗೆ ಬಗ್ಗಿ, "ಮೆತ್ತಗೆ ಓಡಿಸು. ಹಾಲಿದೆ. ಉಗುರುಬೆಚ್ಚಗಿದೆ" ಎಂದರು.

"ಹೆಪ್ಪಿಲ್ಲದೆ ಟೋಪಿ ಹಾಕಿದೀರಾ ಅತ್ತೆ?"

"ಬಾಯಿ ಮುಚ್ಚಿಕೊಂಡು ರಸ್ತೆ ನೋಡು."

ಡ್ರೈವರಮ್ಮ ಆ ದಿನ ಓಡಿಸಿದ ಹಾಗೆ ಯಾವತ್ತೂ ಬಸ್ ಓಡಿಸಿರಲಿಲ್ಲ. ಹಳ್ಳ ಕಂಡರೆ ಬದಿಗೆ ಸರಿದಳು, ಉಬ್ಬು ಕಂಡರೆ ಉಸಿರು ಹಿಡಿದು ಹತ್ತಿಸಿ ಇಳಿಸಿದಳು. "ಏನ್ರೀ ಡ್ರೈವರಮ್ಮ, ಹೆರಿಗೆ ಆಸ್ಪತ್ರೆಗೆ ಹೊರಟಿದೀರಾ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಹಾಗೇ ಅಂದ್ಕೊಳ್ಳಿ" ಎಂದು ಅತ್ತೆಯೇ ತಿರುಗಿ ಉತ್ತರ ಕೊಟ್ಟರು.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅತ್ತೆ ರಸ್ತೆ ದಾಟಿದರು, ಹಿಂದೆಯೇ ಡ್ರೈವರಮ್ಮ. ನಾದಿನಿ ನೋಡಿದಳು. ಅರ ಉಜ್ಜುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಏನಾಗ್ಬೇಕಿತ್ತು?" ಎಂದಳು, ಗಿರಾಕಿಯನ್ನು ಕೇಳಿದ ಹಾಗೆ.

ಅತ್ತೆಯ ಧೈರ್ಯ ಅಲ್ಲಿಗೆ ಕೈಕೊಟ್ಟಿತು. "ಬೀರು ಕೀ ಕಳೆದಿದೆ" ಎಂದುಬಿಟ್ಟರು.

ಒಳಗಿನಿಂದ ಬೀಗದವನು ಇಣುಕಿ, "ಆ ಬೀರುವಿಗೆ ನಾನು ಎರಡು ಕೀ ಕೊಟ್ಟಿದ್ದೆನಲ್ಲ ಅತ್ತೆ" ಎಂದ. ಹೆಂಡತಿ ಒಂದು ನೋಟ ನೋಡಿದಳು, ಒಳಗೆ ಸರಿದ.

"ಎರಡೂ ಕಳೆದಿದೆ" ಎಂದರು ಅತ್ತೆ.

"ಬೀಗ ತಂದಿದೀರಾ?"

"ಬೀಗ ಯಾರಾದ್ರೂ ಹೊತ್ತು ತರ್ತಾರಾ?"

"ಗಡಿಗೆ ಹೊತ್ತು ತಂದಿದೀರಲ್ಲ."

"ಅದು ನನ್ನಿಷ್ಟ."

ಹೀಗೇ ಅಮ್ಮ ಒಂದು ಎಂದರೆ ಮಗಳು ಎರಡು. ಇಬ್ಬರಲ್ಲಿ ಯಾರೂ ಸೋಲುವ ಜಾಯಮಾನದವರಲ್ಲ. ಡ್ರೈವರಮ್ಮ ಗಡಿಗೆಯ ಹೊಟ್ಟೆಗೆ ಅಂಗೈ ಇಟ್ಟು ನೋಡಿದಳು. ಬಿಸಿ ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ಆದರೆ ಯಾವ ಹೆಪ್ಪು ಹಾಕಿಯೂ ಪ್ರಯೋಜನವಿಲ್ಲ, ಈ ಇಬ್ಬರೂ ಇನ್ನೊಮ್ಮೆ ಎದುರಾಗುವುದೂ ಇಲ್ಲ. ತುಂಬಿದ ಬಸ್ಸಿನಲ್ಲಿ ಫುಟ್‌ಬೋರ್ಡ್ ಮೇಲೆ ನಿಂತವರನ್ನು ಒಳಗಟ್ಟುವ ದನಿಯೊಂದು ಅವಳ ಬಳಿ ಇತ್ತು. ಅದನ್ನು ತೆಗೆದಳು.

"ಹಾಲು ಆರ್ತಿದೆ! ಜಗಳ ಆಮೇಲೆ ಆಡಿ, ಹಾಲು ಆರ್ತಿದೆ!"

ಪಕ್ಕದ ಅಂಗಡಿಯವರೂ ಹೊರಗೆ ಬಂದು ನೋಡಿದರು. ಅರ ನಿಂತಿತು. ಅತ್ತೆ ಒಂದು ಸಲ ಸೊಸೆಯನ್ನು, ಒಂದು ಸಲ ಮಗಳನ್ನು ನೋಡಿ, ಗಡಿಗೆಯನ್ನು ಕಟ್ಟೆಯ ಮೇಲಿಟ್ಟರು. ಶಾಲು ಸರಿಸಿದರು. ಟೋಪಿ ತೆಗೆದರು. ತೆಗೆದು ಗಡಿಗೆಯ ಪಕ್ಕದಲ್ಲಿ, ಮಗಳ ಅರದ ಪುಡಿಯ ಮೇಲೆ ಇಟ್ಟರು.

ಕಪ್ಪಿನ ಕೆಳಗೆ ಹಸಿರು ಸಾಲಿತ್ತು. ಹೊಸದಾಗಿ ಹೆಣೆದದ್ದು. ಬಿಚ್ಚಿದ ನೂಲು ಅಷ್ಟು ವರ್ಷ ಬೀರುವಿನ ಖಾನೆಯಲ್ಲಿ ಸುತ್ತಿ ಕೂತಿದ್ದರಿಂದ ಅದರ ಸುಕ್ಕು ಹೋಗಿರಲಿಲ್ಲ. ಅಲ್ಲಲ್ಲಿ ಹೆಣಿಗೆಯ ಕಣ್ಣಿ ಬಿಗಿದಿತ್ತು, ಒಂದು ಕಡೆ ತಪ್ಪಿಯೂ ಇತ್ತು.

"ನಿನ್ನ ಗಡಿಗೆ ಬರಿತಲೇಲಿ ಕೂತಿದೆಯಂತೆ" ಎಂದರು ಅತ್ತೆ. "ಚಳಿ ಆಗುತ್ತೆ ಅದಕ್ಕೆ. ತೊಡಿಸು."

ನಾದಿನಿ ಟೋಪಿಯನ್ನು ಮುಟ್ಟಲಿಲ್ಲ. ಹಸಿರನ್ನೇ ನೋಡುತ್ತಿದ್ದಳು. ಅವಳ ಮೂಗು ಕೆಂಪಾಯಿತು.

"ಮತ್ತೆ ನಿಮ್ಮ ಗಡಿಗೆಗೆ?"

"ನನ್ನದಕ್ಕೆ ಮೊದಲು ಹೆಪ್ಪು ಬೇಕಲ್ಲೇ. ಒಂದು ಚಮಚ ಕೊಡೇ ನನ್ನವ್ವ. ಕೇಳೋಕೇ ಬಂದೆ."

ನಾದಿನಿ ಒಳಗೋಡಿದಳು. ಚಮಚವಲ್ಲ, ಬಟ್ಟಲು ತುಂಬ ತಂದಳು. "ಅಷ್ಟು ಯಾಕೆ, ಹುಳಿ ಬರುತ್ತೆ, ಒಂದು ಚಮಚ ಸಾಕು" ಎಂದು ಅತ್ತೆ ಗದರಿದರು. "ಹೆಪ್ಪು ಹಾಕೋದು ನನಗೆ ಹೇಳ್ಕೊಡ್ಬೇಡಿ" ಎಂದು 'ನನಗೆ' ಎನ್ನುವುದನ್ನು ಒತ್ತಿ ಹೇಳುತ್ತ, ಒಂದೇ ಚಮಚವನ್ನು ಹಾಲಿನೊಳಗೆ ಬಿಟ್ಟು, ಬೆರಳಿನಿಂದಲೇ ಮೂರು ಸುತ್ತು ತಿರುಗಿಸಿದಳು. ಉಳಿದ ಬಟ್ಟಲನ್ನು ಅಮ್ಮನ ಕೈಗಿಟ್ಟಳು. ಅತ್ತೆ ರಸ್ತೆಯಲ್ಲಿ ನಿಂತೇ ತಿಂದರು. ಕಣ್ಣು ಮುಚ್ಚಿ ತಿಂದರು. ಮಗಳು ನೋಡನೋಡುತ್ತಲೇ ಬಟ್ಟಲನ್ನು ಬೆರಳಿನಿಂದ ಬಳಿದರು, ಬೆರಳನ್ನೂ ನೆಕ್ಕಿದರು. ಡ್ರೈವರಮ್ಮ ನಗು ತಡೆಯಲಾರದೆ ಅತ್ತ ತಿರುಗಿಕೊಂಡಳು.

ಬಸ್ಸು ಹೊರಡುವ ಹೊತ್ತಾಯಿತು. ಟೋಪಿ ನಾದಿನಿಯ ಎದೆಗೆ ಅವುಚಿಕೊಂಡಿತ್ತು, ಅದು ಇನ್ನು ಅಲ್ಲಿಂದ ಬರುವ ಹಾಗಿರಲಿಲ್ಲ. ಹೆಪ್ಪು ಬಿದ್ದ ಗಡಿಗೆ ಬರಿತಲೆಯಲ್ಲಿ ಬಸ್ಸು ಹತ್ತಬೇಕಾಯಿತು. ಡ್ರೈವರಮ್ಮ ತನ್ನ ನೀಲಿ ಸ್ವೆಟರ್ ಬಿಚ್ಚಿ ಗಡಿಗೆಯ ಸುತ್ತ ಸುತ್ತಿ, ಎರಡು ತೋಳುಗಳನ್ನು ಮುಂದೆ ಗಂಟು ಹಾಕಿದಳು. ದಾರಿಯುದ್ದಕ್ಕೂ ಅತ್ತೆ ಆ ನೂಲನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಡ್ರೈವರಮ್ಮ ಅಡುಗೆಮನೆಗೆ ಬಂದಾಗ ಗಂಡ ಗಡಿಗೆಯನ್ನು ಓರೆ ಮಾಡಿ ಹಿಡಿದುಕೊಂಡು ಬಾಯಿ ಅಗಲಿಸಿ ನಿಂತಿದ್ದ. ಮೊಸರು ಅಲುಗಿರಲಿಲ್ಲ. ಅವಳು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ಆಮೇಲೆ ಡ್ಯೂಟಿಗೆ ಹೊತ್ತಾಯಿತೆಂದು ಸ್ವೆಟರ್ ಹುಡುಕಿದಳು. ಕುರ್ಚಿಯ ಬೆನ್ನಿಗೆ ನೇತುಹಾಕಿತ್ತು. ಒಂದು ತೋಳು ತೂರಿಸಿದಳು. ಇನ್ನೊಂದು ತೋಳು ತೂರಿಸಲು ಹೋದರೆ, ತೋಳೇ ಇಲ್ಲ.

"ಅತ್ತೆ! ನನ್ನ ಸ್ವೆಟರಿನ ತೋಳು!"

ಅತ್ತೆ ಕಿಟಕಿಯ ಬಳಿ ಕೂತಿದ್ದರು. ಮಡಿಲಲ್ಲಿ ಗುಂಗುರು ಗುಂಗುರಾದ ನೀಲಿ ನೂಲಿನ ಉಂಡೆ, ಕೈಯಲ್ಲಿ ಕಡ್ಡಿ. ಕಡ್ಡಿಯ ಮೇಲೆ ಅಂಗೈಯಗಲದ ನೀಲಿ ಬಿಲ್ಲೆಯೊಂದು ಆಗಲೇ ಮೂಡಿತ್ತು.

"ಇನ್ನೊಂದು ತೋಳೂ ಬೇಕಾಗುತ್ತೆ, ಸಂಜೆ ಬಿಚ್ಚಿಕೊಡು" ಎಂದರು ತಲೆಯೆತ್ತದೆ.

"ಒಂದು ಸಾಲಿಗೆ ಅಷ್ಟೊಂದು ನೂಲು ಯಾಕತ್ತೆ?"

"ಸಾಲಲ್ಲ ಕಣೇ. ಹೊಸ ಟೋಪಿ. ನೆತ್ತಿಯಿಂದ ಶುರು ಮಾಡ್ಬೇಕಲ್ಲ, ನೆತ್ತಿ ನಿನ್ನದು. ನಾವೆಲ್ಲ ಕೆಳಗೆ ಬರ್ತೀವಿ."

ಡ್ರೈವರಮ್ಮ ಒಂದು ತೋಳಿನ ಸ್ವೆಟರಿನಲ್ಲಿ ನಿಂತಲ್ಲೇ ನಿಂತಳು. ಕೊನೆಗೆ ಅದನ್ನು ಹಾಗೇ ತೊಟ್ಟುಕೊಂಡು ಕೆಲಸಕ್ಕೆ ಹೊರಟಳು. ಸ್ಟಾಪು ಸ್ಟಾಪಿನಲ್ಲೂ ಜನ ಕೇಳಿದರು, "ಇದೇನ್ರೀ ಡ್ರೈವರಮ್ಮ, ಇನ್ನೊಂದು ತೋಳೆಲ್ಲಿ?"

"ಮನೇಲಿದೆ" ಎಂದಳು ಅವಳು.